ದುಬಾರಿ ಪೆಟ್ಟಿಗೆ, ಬಡವಾಗುತ್ತಿರುವ ಕಿವಿ

ಸಂಗೀತವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಸೌಕರ್ಯ ಲೋಕಕ್ಕೆ ದೊರೆತು ನಾಲ್ಕು ದಶಕಗಳು ಕಳೆದಿವೆ. 1979ರಲ್ಲಿ ಜಪಾನಿನ ಸೋನಿ ಕಂಪೆನಿ ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಜನರನ್ನು ಸೆಳೆದದ್ದು ಅದರ ಸೌಕರ್ಯವೇ ಹೊರತು ನಾದಶುದ್ಧಿಯಲ್ಲ. 2001ರಲ್ಲಿ ಬಂದ ಆಪಲ್‌ನ ಐಪಾಡ್ ಕೂಡ ಸಾವಿರ ಹಾಡುಗಳನ್ನು ಜೇಬಿಗೆ ಇಳಿಸಿದ್ದಕ್ಕಾಗಿಯೇ ಹೆಸರಾಯಿತು. ಈಗ ಪರಿಸ್ಥಿತಿ ಬದಲಾಗಿದೆ. ಹಾಡು ನುಡಿಸಬಲ್ಲ ಮೊಬೈಲ್ ಫೋನ್ ಎಲ್ಲರ ಕೈಯಲ್ಲೂ ಇರುವಾಗ ಮತ್ತೊಂದು ಯಂತ್ರವನ್ನು ಮಾರಬೇಕಾದರೆ ಸೌಕರ್ಯದ ಹೆಸರು ಹೇಳಿ ಪ್ರಯೋಜನವಿಲ್ಲ. ಉತ್ಕೃಷ್ಟ ಧ್ವನಿಯ ಹೆಸರನ್ನೇ ಹೇಳಬೇಕು. ಅದೇ ಸೋನಿ 2016ರಲ್ಲಿ ಚಿನ್ನದ ಲೇಪವಿರುವ ತಾಮ್ರದ ಕವಚದ ವಾಕ್‌ಮನ್ ಒಂದನ್ನು ಸುಮಾರು 3,200 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಕೊರಿಯಾದ ಆಸ್ಟೆಲ್ ಅಂಡ್ ಕರ್ನ್, ಚೀನಾದ ಫಿಯೊ, ಬ್ರಿಟನ್ನಿನ ಕಾರ್ಡ್ ಎಲೆಕ್ಟ್ರಾನಿಕ್ಸ್ ಮೊದಲಾದ ಕಂಪೆನಿಗಳ ಪ್ಲೇಯರ್‌ಗಳು ಮತ್ತು ಅಂಗೈಯಗಲದ ಆಂಪ್ಲಿಫೈಯರ್‌ಗಳು ಇದೇ ಆಶ್ವಾಸನೆಯೊಂದಿಗೆ ಮಾರಾಟವಾಗುತ್ತಿವೆ.

ಈ ಹವ್ಯಾಸ ರಾಜಧಾನಿಯ ಶ್ರೀಮಂತ ಬಡಾವಣೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ನಾನು ವಾಸಿಸುವ ದೊಡ್ಡಬಳ್ಳಾಪುರದಿಂದ, ನೆರೆಯ ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಂದ ದಿನವೂ ನಗರಕ್ಕೆ ಹೋಗಿಬರುವ ಯುವಕ ಯುವತಿಯರಲ್ಲಿಯೂ ಇದು ಬೇರೂರಿದೆ. ಅದಕ್ಕೊಂದು ಕಾರಣವೂ ಇದೆ. ಆಪಲ್ ಕಂಪೆನಿ 2016ರಲ್ಲಿ ತನ್ನ ಐಫೋನಿನಿಂದ ಹೆಡ್‌ಫೋನ್ ಸಿಕ್ಕಿಸುವ ರಂಧ್ರವನ್ನೇ ತೆಗೆದುಹಾಕಿತು. ಬೇರೆ ಕಂಪೆನಿಗಳು ಅದೇ ಹಾದಿ ಹಿಡಿದವು. ಫೋನಿನೊಳಗಿನ ಅಂಕಿಗಳನ್ನು ವಿದ್ಯುತ್ ತರಂಗವಾಗಿ ಬದಲಿಸಿ ಹೆಡ್‌ಫೋನಿಗೆ ಕೊಡುವ, ಡ್ಯಾಕ್ ಎಂದು ಕರೆಯಲಾಗುವ ಪರಿವರ್ತಕವನ್ನು ಪ್ರತ್ಯೇಕವಾಗಿ ಕೊಳ್ಳುವ ಅಗತ್ಯ ಹಾಗೆ ಹುಟ್ಟಿಕೊಂಡಿತು. 2025ರಿಂದ ಆ ಐಫೋನ್ ನಮ್ಮ ದೇವನಹಳ್ಳಿಯ ಬಳಿಯೇ ತಯಾರಾಗುತ್ತಿದೆ. ಅದರೊಂದಿಗೆ ಯಾವ ಪರಿವರ್ತಕ, ಯಾವ ಆಂಪ್ಲಿಫೈಯರ್ ಜೋಡಿಸಿದರೆ ಧ್ವನಿ ಚೆನ್ನ ಎಂಬ ಚರ್ಚೆಯೂ ಮನೆಮನೆಗೆ ಬಂದಿದೆ.

ಸಂಗೀತವನ್ನು ಚೆನ್ನಾಗಿ ಕೇಳಬೇಕೆಂಬ ಹಂಬಲವನ್ನು ಯಾರೂ ಆಕ್ಷೇಪಿಸಲಾರರು. ನನ್ನ ಆಕ್ಷೇಪ ಎರಡು. ಈ ಯಂತ್ರಗಳ ಧ್ವನಿಯನ್ನು ನಾವು ಹೋಲಿಸುವ ಕ್ರಮವೇ ದೋಷಪೂರ್ಣವಾದುದು ಎಂಬುದು ಮೊದಲನೆಯದು. ಯಂತ್ರದ ಮೇಲಿರುವ ಕಾಳಜಿಯ ಒಂದಂಶವೂ ಅದನ್ನು ಆಲಿಸಬೇಕಾದ ಕಿವಿಯ ಮೇಲೆ ನಮಗಿಲ್ಲ ಎಂಬುದು ಎರಡನೆಯದು. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಹೋದದ್ದು ಮರಳಿ ಬರುವುದಿಲ್ಲ.

ಜೋರಾದದ್ದೆಲ್ಲ ಚೆಂದವಲ್ಲ

ಎರಡು ಯಂತ್ರಗಳನ್ನು ಹೋಲಿಸುವವರು ಸಾಮಾನ್ಯವಾಗಿ ಮಾಡುವುದೇನು? ಒಂದರಿಂದ ಹೆಡ್‌ಫೋನ್ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುತ್ತಾರೆ, ಅಂದಾಜಿನ ಮೇಲೆ ವಾಲ್ಯೂಮ್ ಸರಿಮಾಡಿಕೊಳ್ಳುತ್ತಾರೆ, ತೀರ್ಪು ಕೊಡುತ್ತಾರೆ. ತೊಡಕಿರುವುದು ಈ ಅಂದಾಜಿನಲ್ಲಿಯೇ. ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನೆ ಗ್ರಹಿಸುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ಸದ್ದು ತಗ್ಗಿದಂತೆ ಮಂದ್ರದ ಸ್ವರಗಳು ಉಳಿದವುಗಳಿಗಿಂತ ಬೇಗ ಮಸುಕಾಗುತ್ತವೆ. ಸದ್ದು ಏರಿದಂತೆ ತುಂಬಿಕೊಳ್ಳುತ್ತವೆ. ಆದ್ದರಿಂದ ಒಂದು ಯಂತ್ರ ಇನ್ನೊಂದಕ್ಕಿಂತ ಒಂದು ಡೆಸಿಬಲ್‌ನಷ್ಟು ಜೋರಾಗಿದ್ದರೆ ಕೇಳುಗನಿಗೆ ಅದು ಜೋರಾಗಿದೆ ಎಂದು ಅನ್ನಿಸುವುದಿಲ್ಲ. ಮೃದಂಗದ ನಾದ ಹೆಚ್ಚು ಗಂಭೀರವಾಗಿದೆ, ತಂಬೂರಿಯ ಝೇಂಕಾರ ಹೆಚ್ಚು ಸ್ಪಷ್ಟವಾಗಿದೆ, ಗಾಯಕ ಹೆಚ್ಚು ಹತ್ತಿರ ಕುಳಿತಿದ್ದಾನೆ ಎಂದು ಅನ್ನಿಸುತ್ತದೆ. ದುಬಾರಿ ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ ಹೆಚ್ಚು ವೋಲ್ಟೇಜ್ ಕೊಡುವಂಥವು. ಹೀಗಾಗಿ ಅಂದಾಜಿನ ಹೋಲಿಕೆಯಲ್ಲಿ ಅವೇ ಗೆಲ್ಲುವ ಸಂಭವ ಹೆಚ್ಚು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಒಂದೇ ಸ್ಥಾಯಿಯ ಪರೀಕ್ಷಾ ಸ್ವರವನ್ನು ಎರಡು ಯಂತ್ರಗಳಲ್ಲೂ ನುಡಿಸಿ, ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲಿಯೇ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆದು, ಎರಡನ್ನೂ ಸಮ ಮಾಡಬೇಕು. ಒಂದು ಡೆಸಿಬಲ್ ಎಂದರೆ ವೋಲ್ಟೇಜಿನಲ್ಲಿ ಶೇ 12ರಷ್ಟು ವ್ಯತ್ಯಾಸ. ನ್ಯಾಯವಾದ ಹೋಲಿಕೆಗೆ ಇದು ಶೇ 1ರ ಆಸುಪಾಸಿಗೆ ಬರಬೇಕು. ಮಲ್ಟಿಮೀಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಟ್ರಾನ್ಸಿಸ್ಟರ್‌ಗಳನ್ನು ಕೊಂಡು ತಂದು ಮನೆಯಲ್ಲಿಯೇ ಆಂಪ್ಲಿಫೈಯರ್ ಕಟ್ಟಿಕೊಳ್ಳುತ್ತಿದ್ದ ಹಿಂದಿನ ತಲೆಮಾರಿನ ಹವ್ಯಾಸಿಗಳ ಬಳಿ ಅದು ತಪ್ಪದೆ ಇರುತ್ತಿತ್ತು. ಲಕ್ಷ ರೂಪಾಯಿಯ ಪ್ಲೇಯರ್ ಕೊಳ್ಳುವ ಇಂದಿನವರ ಬಳಿ ಅದು ಕಾಣುವುದು ಅಪರೂಪ.

ಎರಡನೆಯ ಷರತ್ತು, ಯಾವ ಯಂತ್ರ ನುಡಿಯುತ್ತಿದೆ ಎಂಬುದು ಕೇಳುಗನಿಗೆ ತಿಳಿದಿರಬಾರದು. ಬೆಲೆ, ಲೋಹದ ತಣ್ಪು, ಕೈಗೆ ಸಿಗುವ ತೂಕ ಇವೆಲ್ಲ ಕಿವಿಯ ತೀರ್ಪಿನೊಳಗೆ ಸೇರಿಕೊಳ್ಳುತ್ತವೆ. ಇದು ಯಾರೊಬ್ಬರ ದೌರ್ಬಲ್ಯವಲ್ಲ, ಮನಸ್ಸಿನ ಸ್ವಭಾವ. ಔಷಧ ಪರೀಕ್ಷೆಯಲ್ಲಿ ರೋಗಿಗೂ ವೈದ್ಯನಿಗೂ ಯಾವುದು ಔಷಧ, ಯಾವುದು ಬರಿಯ ಸಕ್ಕರೆ ಗುಳಿಗೆ ಎಂದು ಹೇಳದಿರುವುದು ಇದೇ ಕಾರಣಕ್ಕಾಗಿ. ಹತ್ತು ಬಾರಿ ಹೀಗೆ ಕೇಳಿಸಿ, ಒಂಬತ್ತು ಬಾರಿ ಸರಿಯಾಗಿ ಗುರುತಿಸಿದರೆ ಆ ವ್ಯಕ್ತಿಗೆ ವ್ಯತ್ಯಾಸ ಕೇಳಿಸಿದೆ ಎಂದು ಒಪ್ಪಬಹುದು. ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ಸುಮಾರು ಒಂದು ಮಾತ್ರ. ಐದು ಅಥವಾ ಆರು ಬಾರಿ ಸರಿಯಾದರೆ ಅದು ನಾಣ್ಯ ಚಿಮ್ಮಿದಂತೆ.

ಇಂಥ ಪರೀಕ್ಷೆಗಳ ಫಲಿತಾಂಶ ಏನು ಹೇಳುತ್ತದೆ? ಅಮೆರಿಕದ ಮೇಯರ್ ಮತ್ತು ಮೋರಾನ್ ಎಂಬುವರು 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉನ್ನತ ದರ್ಜೆಯ ಧ್ವನಿಮುದ್ರಣವನ್ನು ನೇರವಾಗಿಯೂ, ಸಾಧಾರಣ ಸಿ.ಡಿ.ಯ ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದಾಗ 554 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 276ಕ್ಕೆ. ಅಂದರೆ ಅರ್ಧಕ್ಕಿಂತ ಒಂದು ಕಡಿಮೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ 18 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿ, ಸರಿಯುತ್ತರಗಳ ಪ್ರಮಾಣ ಶೇ 52ರ ಸುಮಾರಿನಲ್ಲಿದೆ, ತರಬೇತಿ ಪಡೆದವರಲ್ಲಿ ಅದು ಇನ್ನಷ್ಟು ಮೇಲಿದೆ ಎಂದು ತೋರಿಸಿದರು. ವ್ಯತ್ಯಾಸ ಸಂಪೂರ್ಣ ಶೂನ್ಯ ಎನ್ನುವ ಹಟವೂ ಸಲ್ಲದು ಎಂಬುದಕ್ಕೆ ಈ ಎರಡನೆಯ ಅಧ್ಯಯನ ಆಧಾರ. ಆದರೆ ಜಾಹೀರಾತುಗಳು ಬಣ್ಣಿಸುವ ಅಜಗಜಾಂತರಕ್ಕೂ ಈ ನೂರಕ್ಕೆ ಎರಡು ಮೂರರ ಅಂತರಕ್ಕೂ ಯಾವ ಸಂಬಂಧವೂ ಇಲ್ಲ. ಹಾಡುಗಾರ ನೀಲ್ ಯಂಗ್ 2014ರಲ್ಲಿ ಅಭಿಮಾನಿಗಳಿಂದ 60 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿ ಹೊರತಂದ ಪೊನೊ ಎಂಬ ಪ್ಲೇಯರಿನ ಕಥೆಯೂ ಇದನ್ನೇ ಹೇಳುತ್ತದೆ. 2015ರಲ್ಲಿ ಪತ್ರಕರ್ತ ಡೇವಿಡ್ ಪೋಗ್ ಅದನ್ನು ಸಾಮಾನ್ಯ ಫೋನಿನೊಂದಿಗೆ ಹೆಸರು ಮರೆಮಾಡಿ ಹೋಲಿಸಿದಾಗ ಅದರ ಮೇಲುಗೈ ಕಾಣಲಿಲ್ಲ. 2017ರ ಹೊತ್ತಿಗೆ ಆ ಯಂತ್ರದ ಕಥೆ ಮುಗಿದಿತ್ತು.

ಕಳೆದ ವರ್ಷ ನಾವು ನಾಲ್ವರು ಸ್ನೇಹಿತರು ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಇಂಥದೇ ಹೋಲಿಕೆಯನ್ನು ಮಾಡಿದೆವು. ಒಬ್ಬರು ತಂದಿದ್ದುದು ಲಕ್ಷ ರೂಪಾಯಿಗೂ ಮೀರಿದ ಬೆಲೆಯ ಪ್ಲೇಯರ್. ಅದರೆದುರು ಫೋನಿಗೆ ಸಿಕ್ಕಿಸುವ, ಸಾವಿರ ರೂಪಾಯಿ ಆಸುಪಾಸಿನ ಪರಿವರ್ತಕ. ಒಂದೇ ಹೆಡ್‌ಫೋನ್, ಒಂದೇ ಧ್ವನಿಮುದ್ರಣ. ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಒಂದೆರಡು ಚಿತ್ರಗೀತೆ. ಅಂದಾಜಿನ ವಾಲ್ಯೂಮ್‌ನಲ್ಲಿ ಕೇಳಿದಾಗ ನಾಲ್ವರೂ ದುಬಾರಿಯದನ್ನೇ ಎತ್ತಿ ಹಿಡಿದರು. ವೋಲ್ಟೇಜ್ ಸಮ ಮಾಡಿ, ಬದಲಿಸುವ ಸ್ವಿಚ್ಚನ್ನು ಮರೆಯಲ್ಲಿಟ್ಟ ಮೇಲೆ ಒಬ್ಬರ ಉತ್ತರವೂ ಊಹೆಯ ಮಟ್ಟವನ್ನು ದಾಟಲಿಲ್ಲ. ನಾಲ್ವರ ಮನೆ ಪರೀಕ್ಷೆಯನ್ನು ವಿಜ್ಞಾನವೆಂದು ಕರೆಯುವ ಹುಮ್ಮಸ್ಸು ನನಗಿಲ್ಲ. ಆದರೆ ಕೊಳ್ಳುವ ಮುನ್ನ ಯಾರಾದರೂ ತಾವೇ ಮಾಡಿ ನೋಡಬಹುದಾದ ಕೆಲಸವಿದು.

ಆ ದಿನ ನಿಜವಾದ ವ್ಯತ್ಯಾಸವನ್ನು ತೋರಿಸಿದ್ದು ಬೇರೆಯೇ ಒಂದು ಸಂಗತಿ. ನಮ್ಮ ಬೀದಿಯ ಹಿಂದೆ ವಿದ್ಯುತ್ ಮಗ್ಗಗಳಿವೆ. ಮಧ್ಯಾಹ್ನ ಕರೆಂಟು ಹೋಯಿತು, ಮಗ್ಗಗಳು ನಿಂತವು. ಪ್ಲೇಯರ್, ಫೋನ್ ಎರಡೂ ಬ್ಯಾಟರಿಯಿಂದ ನಡೆಯುವುದರಿಂದ ನಾವು ಕೇಳುತ್ತಲೇ ಇದ್ದೆವು. ಅದುವರೆಗೆ ಕೇಳಿಸದಿದ್ದ ತಂಬೂರಿಯ ಎಳೆ, ಗಾಯಕರು ಉಸಿರೆಳೆದುಕೊಳ್ಳುವ ಸದ್ದು, ವೀಣೆಯ ಮೆಟ್ಟಿಲುಗಳ ಮೇಲೆ ಬೆರಳು ಜಾರುವ ಸದ್ದು ಎರಡು ಯಂತ್ರಗಳಲ್ಲಿಯೂ ಸಮಾನವಾಗಿ ಎದ್ದು ಬಂದವು. ಯಾವ ಆಂಪ್ಲಿಫೈಯರೂ ಮಾಡದ ಕೆಲಸವನ್ನು ಅರ್ಧ ಗಂಟೆಯ ನಿಶ್ಶಬ್ದ ಮಾಡಿತ್ತು.

ವ್ಯತ್ಯಾಸ ಇರುವುದೆಲ್ಲಿ?

ಹಾಗೆಂದು ಎಲ್ಲ ಯಂತ್ರಗಳೂ ಒಂದೇ ಎಂದು ಹೇಳಿದರೆ ಅದೂ ಅಸತ್ಯವಾಗುತ್ತದೆ. ಅಳೆದು ತೋರಿಸಬಹುದಾದ, ಕಿವಿಗೂ ಕೇಳಿಸುವ ಮೂರು ವ್ಯತ್ಯಾಸಗಳಿವೆ. ಒಂದು, ಶಕ್ತಿ. ಆಪಲ್ ಅಮೆರಿಕದಲ್ಲಿ 9 ಡಾಲರಿಗೆ ಮಾರುತ್ತ ಬಂದ ಪುಟ್ಟ ಪರಿವರ್ತಕ ಕೊಡುವುದು ಸುಮಾರು ಒಂದು ವೋಲ್ಟ್. ಕಿವಿಯೊಳಗೆ ಕೂರುವ ಇಯರ್‌ಫೋನಿಗೆ ಅದು ಧಾರಾಳವಾಯಿತು. ಸಂವೇದನೆ ಕಡಿಮೆಯಿರುವ ಕೆಲವು ದೊಡ್ಡ ಹೆಡ್‌ಫೋನ್‌ಗಳಿಗೆ ಸಾಲದು; ಅಲ್ಲಿ ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ ಬೇಕು. ಎರಡು, ಯಂತ್ರದ ಒಳಪ್ರತಿರೋಧ. ಕೆಲವು ಇಯರ್‌ಫೋನ್‌ಗಳ ಪ್ರತಿರೋಧ ಸ್ವರದಿಂದ ಸ್ವರಕ್ಕೆ 8ರಿಂದ 40 ಓಮ್‌ವರೆಗೆ ಏರಿಳಿಯುತ್ತದೆ. ಪ್ಲೇಯರಿನ ಒಳಪ್ರತಿರೋಧ 10 ಓಮ್ ಇದ್ದರೆ ಈ ಏರಿಳಿತ ಧ್ವನಿಯಲ್ಲಿ ಸುಮಾರು 5 ಡೆಸಿಬಲ್ ವ್ಯತ್ಯಾಸವಾಗಿ ಪರಿಣಮಿಸುತ್ತದೆ. ಅದು 1 ಓಮ್ ಇದ್ದರೆ ವ್ಯತ್ಯಾಸ ಒಂದು ಡೆಸಿಬಲ್‌ಗೂ ಕಡಿಮೆ. ಮೂರು, ಸೂಕ್ಷ್ಮ ಇಯರ್‌ಫೋನ್‌ಗಳಲ್ಲಿ ಹಾಡಿಲ್ಲದ ವೇಳೆ ಕೇಳಿಬರುವ ಸುಯ್‌ಗುಡುವ ಸದ್ದು. ಈ ಮೂರನ್ನೂ ಅಂಕಿಗಳಲ್ಲಿ ಹೇಳಬಹುದು. 'ಬೆಚ್ಚನೆಯ ನಾದ', 'ವಿಶಾಲವಾದ ವೇದಿಕೆ' ಎಂಬ ಕಾವ್ಯಮಯ ವರ್ಣನೆಗಳ ನಡುವೆ ಈ ಅಂಕಿಗಳನ್ನು ಹುಡುಕಬೇಕಾಗಿರುವುದು ಗ್ರಾಹಕನ ದುರದೃಷ್ಟ.

ಒಳ್ಳೆಯ ವಸ್ತುವನ್ನು ಹೊಂದುವ ಸಂತೋಷವೂ ಬೆಲೆಯುಳ್ಳದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಚಿನ್ನದ ಕೈಗಡಿಯಾರ ಕೊಳ್ಳುವವರನ್ನು ಯಾರೂ ಮೂದಲಿಸುವುದಿಲ್ಲ. ಆದರೆ ಚಿನ್ನದ್ದಾದ ಕಾರಣ ಅದು ವೇಳೆಯನ್ನು ಹೆಚ್ಚು ಸರಿಯಾಗಿ ತೋರಿಸುತ್ತದೆ ಎಂದು ಅಂಗಡಿಯವನು ಹೇಳಿದರೆ ಅದನ್ನು ಒಪ್ಪಬೇಕಾಗಿಲ್ಲ.

ಮಗ್ಗದ ಸದ್ದು, ಕಿವಿಯ ಗತಿ

ದುಬಾರಿ ಪ್ಲೇಯರಿನ ಪೆಟ್ಟಿಗೆಯ ಮೇಲೆ 120 ಡೆಸಿಬಲ್ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅತ್ಯಂತ ಜೋರಾದ ನಾದಕ್ಕೂ ಯಂತ್ರದ ಸ್ವಂತ ಸದ್ದಿಗೂ ಇರುವ ಅಂತರ ಅದು. ಸಾಧಾರಣ ಸಿ.ಡಿ.ಯಲ್ಲಿಯೇ ಇದು 96 ಡೆಸಿಬಲ್. ಆದರೆ ಕೇಳುವವನ ಸುತ್ತಲಿನ ಸದ್ದು ಎಷ್ಟು? 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ಹಾಡಿನ ಜೋರಾದ ಭಾಗ 85 ಡೆಸಿಬಲ್ ಇದೆ ಎಂದಿಟ್ಟುಕೊಂಡರೆ, ಕಾನೂನು ಒಪ್ಪುವ ಹಗಲಿನ ಸದ್ದಿನ ನಡುವೆ ಸ್ಥೂಲವಾಗಿ ಉಳಿಯುವುದು 30 ಡೆಸಿಬಲ್ ಮಾತ್ರ. ನಮ್ಮ ಜಿಲ್ಲೆಯ ವಾಸ್ತವ ಇನ್ನೂ ಕಠಿಣ. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂತು, 2019ರಲ್ಲಿ ಅದಕ್ಕೆ ಎರಡನೆಯ ರನ್‌ವೇ ಸೇರಿತು. ನೆಲಮಂಗಲದಲ್ಲಿ ಹೆದ್ದಾರಿಗಳು ಕೂಡುತ್ತವೆ. ಹೊಸಕೋಟೆಯಲ್ಲಿ ಕಾರ್ಖಾನೆಗಳೂ ಲಾರಿಗಳ ಸಾಲೂ ಇವೆ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳಿವೆ. ಇಂಥ ಕಡೆ 120ರ ಯಂತ್ರವೂ 96ರ ಯಂತ್ರವೂ ಕಿವಿಗೆ ತಲುಪಿಸುವುದು ಒಂದನ್ನೇ. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ಅಥವಾ ಫೋಮ್ ತುದಿ ಹೊರಗಿನ ಸದ್ದನ್ನು ಸುಮಾರು 20 ಡೆಸಿಬಲ್ ತಗ್ಗಿಸಬಲ್ಲದು. ಕೆಲವು ನೂರು ರೂಪಾಯಿಯ ಈ ತುದಿಯಷ್ಟು ಉಪಕಾರ ಮಾಡುವ ಆಂಪ್ಲಿಫೈಯರನ್ನು ನಾನು ಕಂಡಿಲ್ಲ.

ಸುತ್ತ ಗದ್ದಲವಿದ್ದಾಗ ಜನ ಮಾಡುವುದು ಒಂದೇ: ವಾಲ್ಯೂಮ್ ಏರಿಸುವುದು. ವಿಷಯ ಗಂಭೀರವಾಗುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಎಂಜಿನ್ನಿನ ಸದ್ದನ್ನು ಮೀರಿಸಲು 90ಕ್ಕೆ ಏರಿಸಿ ಕೇಳುವ ಯುವಕನ ಇಡೀ ವಾರದ ಪಾಲು ಮಂಗಳವಾರದ ಪ್ರಯಾಣದಲ್ಲಿಯೇ ಮುಗಿದುಹೋಗುತ್ತದೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಹೀಗೆ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ಅದೇ ಸಂಸ್ಥೆ ಎಚ್ಚರಿಸಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ತಾರದ ಸ್ವರಗಳ ಸೂಕ್ಷ್ಮತೆ. ಯಾವ ಸೂಕ್ಷ್ಮತೆಗಾಗಿ ಲಕ್ಷ ರೂಪಾಯಿ ತೆತ್ತೆವೋ ಅದನ್ನೇ ನಾವು ಕೈಯಾರೆ ಕಳೆದುಕೊಳ್ಳುತ್ತೇವೆ.

ಇದಕ್ಕಿಂತಲೂ ಕಳವಳಕಾರಿಯಾದ ದೃಶ್ಯ ನಮ್ಮೂರಿನ ಮಗ್ಗದ ಮನೆಗಳಲ್ಲಿದೆ. ಲಾಳಿ ಹೊಡೆಯುವ ವಿದ್ಯುತ್ ಮಗ್ಗಗಳ ಕೊಠಡಿಯಲ್ಲಿ ಸದ್ದು 90 ಡೆಸಿಬಲ್ ದಾಟುವುದು ಜವಳಿ ಉದ್ಯಮಕ್ಕೆ ಹೊಸ ಸುದ್ದಿಯಲ್ಲ. 1948ರ ಕಾರ್ಖಾನೆಗಳ ಕಾಯಿದೆಯಡಿ ರೂಪುಗೊಂಡ ನಿಯಮಗಳು ದಿನಕ್ಕೆ 8 ಗಂಟೆಯ ದುಡಿಮೆಗೆ 90 ಡೆಸಿಬಲ್ ಮಿತಿಯನ್ನು ಇಟ್ಟಿದ್ದವು. ಆದರೆ ವಿದ್ಯುತ್ ಬಳಸುವಲ್ಲಿ 10 ಮಂದಿಗಿಂತ ಕಡಿಮೆ ಕೆಲಸಗಾರರಿದ್ದರೆ ಆ ಕಾಯಿದೆ ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ನಾಲ್ಕು ಮಗ್ಗಗಳ ಮನೆ ಉದ್ಯಮವನ್ನು ಯಾವ ತನಿಖಾಧಿಕಾರಿ ನೋಡಬೇಕಿತ್ತು? ಇಂದು ಆ ಮಗ್ಗಗಳ ಮುಂದೆ ನಿಂತ ಹುಡುಗರು ಬೇಸರ ಕಳೆಯಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಗ್ಗದ ಸದ್ದಿಗೂ ಮೇಲೆ ಹಾಡು ಕೇಳಿಸುವಂತೆ ವಾಲ್ಯೂಮ್ ಏರಿಸಿರುತ್ತಾರೆ. ಅವರ ಕೈಯಲ್ಲಿರುವುದು ಇನ್ನೂರು ರೂಪಾಯಿಯ ಇಯರ್‌ಫೋನ್. ಆದರೆ ಕಿವಿ ಲಕ್ಷ ರೂಪಾಯಿಯ ಪ್ಲೇಯರ್ ಉಳ್ಳವನದಷ್ಟೇ ಬೆಲೆಯುಳ್ಳದ್ದು. ನಾದದ ಗುಣಮಟ್ಟದ ಬಗ್ಗೆ ಮಾತನಾಡುವ ನಾವು ಇವರನ್ನು ಲೆಕ್ಕಕ್ಕೆ ಸೇರಿಸದಿದ್ದರೆ ನಮ್ಮ ಮಾತು ಅಪೂರ್ಣ.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಪ್ಲೇಯರ್ ಮತ್ತು ಆಂಪ್ಲಿಫೈಯರ್ ಮಾರುವವರು ವೋಲ್ಟೇಜ್, ಒಳಪ್ರತಿರೋಧ, ಸ್ವಂತ ಸದ್ದಿನ ಮಟ್ಟ ಈ ಮೂರನ್ನು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಅಚ್ಚು ಹಾಕಲಿ. ಅಂಗಡಿಗಳು ಸಮ ಮಾಡಿದ ಸದ್ದಿನಲ್ಲಿ ಎರಡು ಯಂತ್ರಗಳನ್ನು ಹೋಲಿಸುವ ಏರ್ಪಾಟು ಮಾಡಲಿ. ಸರಕಿನ ಮೇಲೆ ನಂಬಿಕೆಯುಳ್ಳವರು ಅದಕ್ಕೆ ಅಂಜಬೇಕಾಗಿಲ್ಲ. ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಿದೆವು ಎಂಬ ಲೆಕ್ಕವನ್ನು ಯಂತ್ರವೇ ಇಟ್ಟು ಎಚ್ಚರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಸೂಚಿಸಿವೆ. ಸಾವಿರ ರೂಪಾಯಿಯ ಫೋನ್ ಪರಿವರ್ತಕಕ್ಕೂ ಲಕ್ಷದ ಪ್ಲೇಯರಿಗೂ ಅದು ಅನ್ವಯವಾಗಬೇಕು.

ಸರಕಾರದ ಹೊಣೆ ಇನ್ನೂ ದೊಡ್ಡದು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವುಡುತನ ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮವೂ ಎರಡು ದಶಕಗಳಿಂದ ಇದೆ. ಇವುಗಳ ನೆರವಿನಿಂದ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ನಡೆಸುವುದು, ನೇಕಾರರಿಗೆ ಕಿವಿಗೆ ಇಡುವ ರಕ್ಷಣಾ ತುದಿಗಳನ್ನು ಉಚಿತವಾಗಿ ಹಂಚುವುದು, ಜಿಲ್ಲೆಯ ಕಾಲೇಜುಗಳಲ್ಲಿ ಸುರಕ್ಷಿತವಾಗಿ ಕೇಳುವ ಪಾಠ ಹೇಳುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ.

ಹವ್ಯಾಸಿಗಳಿಗೂ ನನ್ನದೊಂದು ಸಲಹೆ. ಹಣವಿದ್ದರೆ ಮೊದಲು ಒಳ್ಳೆಯ ಹೆಡ್‌ಫೋನಿಗೆ ಕೊಡಿ, ಅನಂತರ ಒಳ್ಳೆಯ ಧ್ವನಿಮುದ್ರಣಗಳಿಗೆ ಕೊಡಿ. ಕಿವಿಗೆ ಗೊತ್ತಾಗುವಷ್ಟು ದೊಡ್ಡ ವ್ಯತ್ಯಾಸಗಳಿರುವುದು ಅವೆರಡರಲ್ಲಿ. ಆಂಪ್ಲಿಫೈಯರ್ ಬೇಕೇ ಎಂಬುದನ್ನು ಅಳೆದು, ಹೆಸರು ಮರೆಮಾಡಿ ಕೇಳಿ, ಆಮೇಲೆ ತೀರ್ಮಾನಿಸಿ. ಎಲ್ಲಕ್ಕೂ ಮೊದಲು ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಹಳೆಯ ಪ್ಲೇಯರನ್ನು ಕೊಟ್ಟು ಹೊಸದನ್ನು ತರಬಹುದು. ಕಿವಿಗೆ ಆ ಅನುಕೂಲವಿಲ್ಲ.